ಜ್ವರ ಬಂದಾಗ ಯಾವ ಡಾಕ್ಟರ ಹತ್ತಿರ ಹೋಗಬೇಕು?

ಎರಡು ವರ್ಷದ ಹಿಂದೆ, ದಸರಾ ಹತ್ತಿರ ಬಂದಿದ್ದಾಗ, ಊರಲ್ಲಿ ಅಮ್ಮನಿಗೆ ಜ್ವರ ಬಂತು. ತೀರ್ಥಹಳ್ಳಿ ಕಡೆಯ ಹಳ್ಳಿ ನಮ್ಮದು. ಮೊದಲು ನೋಡಿದ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ಮೂರು ದಿನಕ್ಕೆ ಮಾತ್ರೆ ಬರೆದು ಕಳಿಸಿದರು. ಕಡಿಮೆಯಾಗಲಿಲ್ಲ. ನಾಲ್ಕನೇ ದಿನ ಪೇಟೆಯ ನರ್ಸಿಂಗ್ ಹೋಮ್. ಅಲ್ಲಿ ಡೆಂಗೀ ಇಲ್ಲ ಅಂದರು, ವಿಡಾಲ್ ಅನ್ನುವ ರಕ್ತ ಪರೀಕ್ಷೆ ನೋಡಿ ಟೈಫಾಯ್ಡ್ ಅಂದರು, ಎರಡು ದಿನ ಡ್ರಿಪ್ ಹಾಕಿದರು. ಬಿಲ್ಲು ಏರಿತು, ಜ್ವರ ಇಳಿಯಲಿಲ್ಲ.

ಏಳನೇ ದಿನ ನಾನು ಬೆಂಗಳೂರಿಂದ ಹೋದೆ. ಅಮ್ಮನನ್ನು ಮೂರನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ವಯಸ್ಸಾದವರು, ಸಣ್ಣ ಕ್ಲಿನಿಕ್ಕು. ಫೈಲನ್ನು ಪಕ್ಕಕ್ಕಿಟ್ಟು ಅವರು ಕೇಳಿದ ಮೊದಲ ಪ್ರಶ್ನೆ: "ಅಮ್ಮಾ, ಈ ಹದಿನೈದು ದಿನದಲ್ಲಿ ತೋಟಕ್ಕೆ, ಹುಲ್ಲಿಗೆ ಹೋಗಿದ್ರಾ?"

"ದಿನಾ ಹೋಗ್ತೀನಲ್ಲ, ದನಕ್ಕೆ ಹುಲ್ಲು ಬೇಡ್ವಾ?" ಅಂದಳು ಅಮ್ಮ. ಅದನ್ನು ಹೇಳಬೇಕು ಅಂತಲೇ ಅವಳಿಗೆ ಹೊಳೆದಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಡಾಕ್ಟರು ನರ್ಸಮ್ಮನಿಗೆ ಏನೋ ಹೇಳಿದರು. ಪರದೆಯ ಹಿಂದೆ ಹೋಗಿ ನೋಡಿದರೆ, ಸೀರೆ ನೆರಿಗೆ ಸಿಕ್ಕಿಸುವ ಜಾಗದಲ್ಲಿ ಒಂದು ಕಪ್ಪು ಕಲೆ. ಬೀಡಿ ತುದಿ ತಾಗಿಸಿದ ಹಾಗೆ, ಮೆಣಸಿನ ಕಾಳಿನಷ್ಟು ದೊಡ್ಡದು. ನೋವಿಲ್ಲ, ತುರಿಕೆ ಇಲ್ಲ. ಹಾಗಾಗಿ ಅಮ್ಮನಿಗೇ ಗೊತ್ತಿರಲಿಲ್ಲ. ಸ್ಕ್ರಬ್ ಟೈಫಸ್. ಹುಲ್ಲು, ಪೊದೆಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರುವ ಜ್ವರ. ಡಾಕ್ಸಿಸೈಕ್ಲಿನ್ ಅನ್ನುವ ಹಳೇ, ಅಗ್ಗದ ಮಾತ್ರೆ ಬರೆದರು. ಎರಡೇ ದಿನಕ್ಕೆ ಜ್ವರ ಬಿಟ್ಟಿತು.

ನಾನು ಡಾಕ್ಟರ್ ಅಲ್ಲ. ಆದರೆ ಆಮೇಲೆ ಮನೆಯಲ್ಲಿ, ನೆಂಟರಲ್ಲಿ ಯಾರಿಗೆ ಜ್ವರ ಬಂದರೂ ಫೋನು ನನಗೇ ಬರುತ್ತೆ. "ಯಾವ ಆಸ್ಪತ್ರೆಗೆ ಹೋಗೋಣ?" ಅಂತ. ನನಗೆ ಅರ್ಥವಾಗಿದ್ದು ಇಷ್ಟು: ಜ್ವರಕ್ಕೆ ದೊಡ್ಡ ಡಾಕ್ಟರು ಬೇಕಿಲ್ಲ, ಕೇಳುವ ಡಾಕ್ಟರು ಬೇಕು. ಮತ್ತೆ, ಇವತ್ತು ನೋಡಿದವರೇ ನಾಳಿದ್ದೂ ನೋಡುವ ಹಾಗಿರಬೇಕು.

ಮೊದಲು ಥರ್ಮಾಮೀಟರ್

ಮೈ ಮುಟ್ಟಿ ನೋಡಿ "ಕೆಂಡದ ಹಾಗಿದೆ" ಅನ್ನೋದು ಡಾಕ್ಟರಿಗೆ ಉಪಯೋಗವಿಲ್ಲ. ಒಂದು ಡಿಜಿಟಲ್ ಥರ್ಮಾಮೀಟರ್ ತಂದಿಟ್ಟುಕೊಳ್ಳಿ, ಮೆಡಿಕಲ್ ಶಾಪಲ್ಲಿ ನೂರಿನ್ನೂರು ರೂಪಾಯಿಗೆ ಸಿಗುತ್ತೆ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಜ್ವರ. ಕಂಕುಳಲ್ಲಿ ಇಟ್ಟರೆ ಬಾಯಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತೆ. ಬಿಸಿ ಕಾಫಿ ಕುಡಿದ ತಕ್ಷಣ ಬಾಯಲ್ಲಿ ಇಡಬೇಡಿ.

ನೋಡಿದ್ದನ್ನು ಬರೆದಿಡಿ. ನಮ್ಮ ಮನೆಯಲ್ಲಿ ಹಳೇ ಕ್ಯಾಲೆಂಡರಿನ ಹಿಂಭಾಗವೇ ಜ್ವರದ ಪುಸ್ತಕ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಡಿಗ್ರಿ, ಯಾವ ಮಾತ್ರೆ ಯಾವಾಗ ತಗೊಂಡಿದ್ದು. ಚಳಿ ನಡುಗಿಕೊಂಡು ಬಂತಾ, ಸಂಜೆ ಮಾತ್ರ ಏರುತ್ತಾ, ಬೆವರಿ ಇಳಿಯುತ್ತಾ, ಅದೂ ಇರಲಿ. ಜ್ವರ ಶುರುವಾದ ದಿನ ಬಹಳ ಮುಖ್ಯ. ಯಾವ ದಿನ ಯಾವ ಟೆಸ್ಟ್ ಮಾಡಿಸಬೇಕು ಅನ್ನೋದು ಅದರ ಮೇಲೇ ನಿಂತಿದೆ.

ಯಾರು ಕಾಯಲೇಬಾರದು

ಇವರಿಗೆ ಡಾಕ್ಟರನ್ನು ಆರಿಸುತ್ತಾ ಕೂರುವ ಹೊತ್ತಿಲ್ಲ. ರಾತ್ರಿ ಎರಡು ಗಂಟೆಯಾದರೂ ಸರಿ, ಬೆಡ್ ಇರುವ, ಇಪ್ಪತ್ನಾಲ್ಕು ಗಂಟೆ ಲ್ಯಾಬ್ ಇರುವ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೆ, ಮಗು ಆಟವಾಡ್ತಾ ಇದ್ದರೂ, ಅವತ್ತೇ ಆಸ್ಪತ್ರೆ. ಇದರಲ್ಲಿ ರಾಜಿ ಬೇಡ. ಯಾವ ವಯಸ್ಸಿನವರಿಗೇ ಆಗಲಿ, ಉಸಿರಾಡಲು ಕಷ್ಟ, ಏನೇನೋ ಮಾತಾಡುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಕತ್ತು ಬಗ್ಗಿಸಲಾಗದಷ್ಟು ಬಿಗಿತ, ಬಿಡದ ವಾಂತಿ, ವಿಪರೀತ ಹೊಟ್ಟೆನೋವು, ವಸಡಲ್ಲೋ ಮೂಗಲ್ಲೋ ರಕ್ತ, ಕಪ್ಪು ಮಲ, ಆರೆಂಟು ಗಂಟೆ ಮೂತ್ರವೇ ಆಗದಿರುವುದು, ಇವುಗಳಲ್ಲಿ ಒಂದಿದ್ದರೂ ಹೊರಡಿ. ಗರ್ಭಿಣಿಯರು, ಕ್ಯಾನ್ಸರಿಗೆ ಕೀಮೋ ತಗೊಳ್ತಿರುವವರು, ಕಿಡ್ನಿ ಬದಲಾಯಿಸಿಕೊಂಡವರು ಜ್ವರ ಬಂದ ದಿನವೇ ತಮ್ಮನ್ನು ನೋಡುತ್ತಿರುವ ಡಾಕ್ಟರಿಗೆ ಫೋನ್ ಮಾಡಬೇಕು. ವಯಸ್ಸಾದವರು, ಶುಗರ್ ಜಾಸ್ತಿ ಇರುವವರು ಕೂಡ ಎರಡು ದಿನ ನೋಡೋಣ ಅನ್ನಬಾರದು.

ಮಕ್ಕಳಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದರೆ ನಮ್ಮಲ್ಲಿ ಇವತ್ತಿಗೂ ಕೈಗೆ ಕಬ್ಬಿಣದ ಬೀಗದ ಕೈ ಕೊಡ್ತಾರೆ, ಮೂಗಿಗೆ ಈರುಳ್ಳಿ ಹಿಡೀತಾರೆ. ಅದೇನೂ ಬೇಡ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ತುರ್ತು. ಬೇಗ ನಿಂತರೂ ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಎಷ್ಟು ದಿನ ಕಾಯಬಹುದು?

ಗಟ್ಟಿಮುಟ್ಟಾದ ದೊಡ್ಡವರು, ನೆಗಡಿ, ಗಂಟಲು ಕೆರೆತದ ಜೊತೆ ಬಂದ ಜ್ವರ, ತಿಂತಾ ಕುಡೀತಾ ಇದ್ದಾರೆ ಅಂದರೆ ಎರಡು ದಿನ ಮನೆಯಲ್ಲೇ ನೋಡಬಹುದು. ಗಂಜಿ, ನೀರುಮಜ್ಜಿಗೆ, ಎಳನೀರು, ಪ್ಯಾರಾಸಿಟಮಾಲ್. 650 ಮಿಲಿಗ್ರಾಂ ಮಾತ್ರೆಯಾದರೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕರ ಒಳಗೆ. ಲಿವರ್ ತೊಂದರೆ ಇರುವವರು, ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ತಗೋಬಾರದು. ಮಕ್ಕಳಿಗೆ ತೂಕ ನೋಡಿಯೇ ಡೋಸು, ಅಂದಾಜಿಗೆ ಅರ್ಧ ಮಾತ್ರೆ ಅಲ್ಲ.

ಮೈಕೈ ನೋವು ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ನುಂಗಬೇಡಿ. ಡೆಂಗೀ ಆಗಿದ್ದರೆ ಇವು ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ಳುವವರು ತಾವಾಗಿ ನಿಲ್ಲಿಸುವುದೂ ಬೇಡ, ಡಾಕ್ಟರನ್ನು ಕೇಳಿ.

ಮಳೆಗಾಲದಲ್ಲಿ, ಅಕ್ಕಪಕ್ಕದ ಮನೆಯಲ್ಲಿ ಡೆಂಗೀ ಇದ್ದಾಗ, ಅಥವಾ ನೆಗಡಿ ಕೆಮ್ಮು ಏನೂ ಇಲ್ಲದೆ ಬರೀ ಜ್ವರ, ಕಣ್ಣುಗುಡ್ಡೆ ಹಿಂದೆ ನೋವು ಇದ್ದರೆ ಎರಡನೇ ದಿನವೇ ಹೋಗಿ. ಯಾವ ಜ್ವರವಾದರೂ ಮೂರನೇ ದಿನಕ್ಕೆ ಕಾಲಿಟ್ಟರೆ ಡಾಕ್ಟರು ನೋಡಲೇಬೇಕು.

ಬೋರ್ಡ್ ಓದುವುದು ಹೇಗೆ

ಜ್ವರ ಅಂದ ತಕ್ಷಣ ಸ್ಪೆಷಲಿಸ್ಟ್ ಹುಡುಕುವವರಿದ್ದಾರೆ. ತಲೆನೋವಿದೆ ಅಂತ ನರದ ಡಾಕ್ಟರು, ಹೊಟ್ಟೆನೋವಿದೆ ಅಂತ ಗ್ಯಾಸ್ಟ್ರೋ ಡಾಕ್ಟರು. ಹಾಗೆ ಹೋದರೆ ಒಬ್ಬೊಬ್ಬರು ಒಂದೊಂದು ಭಾಗ ನೋಡ್ತಾರೆ, ಜ್ವರವನ್ನು ಪೂರ್ತಿ ನೋಡುವವರು ಯಾರೂ ಇರಲ್ಲ.

ಮೊದಲು ಎಂಬಿಬಿಎಸ್ ಮಾಡಿರುವ ಹತ್ತಿರದ ಡಾಕ್ಟರು. ಅವರೇ ನಿಮ್ಮ ಫ್ಯಾಮಿಲಿ ಡಾಕ್ಟರಾಗಿದ್ದರೆ ಇನ್ನೂ ಒಳ್ಳೆಯದು, ನಿಮ್ಮ ಶುಗರ್, ಬಿಪಿ, ಯಾವ ಮಾತ್ರೆ ಒಗ್ಗಲ್ಲ ಅನ್ನೋದೆಲ್ಲ ಅವರಿಗೆ ಗೊತ್ತಿರುತ್ತೆ. ಅಲ್ಲಿಂದ ಮುಂದಕ್ಕೆ ಬೇಕಾದರೆ ಎಂಡಿ ಜನರಲ್ ಮೆಡಿಸಿನ್ ಮಾಡಿದವರು, ಜನ ಫಿಸಿಶಿಯನ್ ಅಂತಾರಲ್ಲ, ಅವರು. ಮಕ್ಕಳಿಗಾದರೆ ಪೀಡಿಯಾಟ್ರಿಕ್ಸ್‌ನಲ್ಲಿ ಎಂಡಿ ಅಥವಾ ಡಿಸಿಎಚ್ (ಮಕ್ಕಳ ಆರೋಗ್ಯದ ಡಿಪ್ಲೊಮಾ) ಮಾಡಿದವರು. ಬರೀ "ಎಂಡಿ" ಅಂತ ಕಂಡರೆ ಯಾವ ವಿಷಯದಲ್ಲಿ ಅಂತ ನೋಡಿ. ಪೆಥಾಲಜಿಯಲ್ಲೂ ಎಂಡಿ ಇದೆ, ಆಯುರ್ವೇದದಲ್ಲೂ ಎಂಡಿ ಇದೆ.

ಆಯುರ್ವೇದದ ಬಗ್ಗೆ ಒಂದು ಮಾತು. ನಮ್ಮಜ್ಜಿಯ ಕಾಳುಮೆಣಸಿನ ಕಷಾಯ ನಾನೂ ಕುಡೀತೀನಿ, ಗಂಟಲಿಗೆ ಹಿತ. ಆದರೆ ಮೂರನೇ ದಿನದ ಜ್ವರಕ್ಕೆ ರಕ್ತ ಪರೀಕ್ಷೆ ಬೇಕು, ಕೆಲವಕ್ಕೆ ಸರಿಯಾದ ಆಂಟಿಬಯಾಟಿಕ್ ಬೇಕು. ಆಗ ಕಷಾಯವನ್ನೇ ನಂಬಿ ಕೂರುವುದು ನನಗೆ ಸರಿ ಕಾಣಲ್ಲ.

ಡಾಕ್ಟರು ಅಸಲಿಯೋ ನಕಲಿಯೋ ಅನ್ನುವ ಅನುಮಾನ ಬಂದರೆ ನೋಡಲು ದಾರಿ ಇದೆ. ರಾಜ್ಯದಲ್ಲಿ ಅಲೋಪಥಿ ಡಾಕ್ಟರುಗಳು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಆ ನಂಬರು ಚೀಟಿಯ ಮೇಲೆ ಇರುತ್ತೆ. ಖಾಸಗಿ ಕ್ಲಿನಿಕ್ಕಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ಪ್ರಕಾರ ಬೇರೆಯೇ ನೋಂದಣಿ ಬೇಕು, ಆ ಸರ್ಟಿಫಿಕೇಟು ಎದುರಿಗೇ ಕಾಣುವ ಹಾಗಿರಬೇಕು. ಕೌಂಟರಿನ ಹಿಂದಿನ ಗೋಡೆ ಒಮ್ಮೆ ನೋಡಿ. ದೇವರ ಫೋಟೋ ಪಕ್ಕದಲ್ಲೇ ಇರುತ್ತೆ ಸಾಮಾನ್ಯವಾಗಿ. ಚೀಟಿಯನ್ನೇ ಕೊಡದೆ, ಹೆಸರಿಲ್ಲದ ಪೊಟ್ಟಣದಲ್ಲಿ ಬಣ್ಣಬಣ್ಣದ ಮಾತ್ರೆ ಕಟ್ಟಿಕೊಟ್ಟರೆ ಅಲ್ಲಿಗೆ ಮತ್ತೆ ಹೋಗಬೇಡಿ.

ನಿಮ್ಮ ಊರಿನ ಜ್ವರ ಗೊತ್ತಿರುವವರು

ಹತ್ತಿರದ ಡಾಕ್ಟರು ಅಂತ ನಾನು ಒತ್ತಿ ಹೇಳೋದಕ್ಕೆ ಕಾರಣ ಇದೆ. ಕರ್ನಾಟಕದಲ್ಲಿ ಒಂದೊಂದು ಸೀಮೆಗೆ ಒಂದೊಂದು ಜ್ವರ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಲ್ಲಿ ಮಂಗನ ಕಾಯಿಲೆ. ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಕೆಎಫ್‌ಡಿ, ಅಂದರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅನ್ನುವ ಹೆಸರು. ಉಣುಗು ಕಚ್ಚಿ ಬರುತ್ತೆ, ಡಿಸೆಂಬರಿಂದ ಮೇ ತಿಂಗಳ ತನಕ ಜಾಸ್ತಿ. ದರಗು (ಒಣ ಎಲೆ), ಸೌದೆ ತರಲು ಕಾಡಿಗೆ ಹೋಗುವವರಿಗೆ, ಕಾಡಂಚಿನ ತೋಟದಲ್ಲಿ ಕೆಲಸ ಮಾಡುವವರಿಗೆ ಅಪಾಯ. ಮಂಗ ಸತ್ತು ಬಿದ್ದಿದ್ದು ಕಂಡಿದ್ದರೆ ಅದು ಡಾಕ್ಟರಿಗೆ ಹೇಳಲೇಬೇಕಾದ ಸಂಗತಿ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದವರು ಇದನ್ನು ಮೊದಲೇ ಅನುಮಾನಿಸಿ ರಕ್ತ ಕಳಿಸ್ತಾರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನೀವು ಹೇಳದಿದ್ದರೆ ಯಾರಿಗೂ ಇದು ಹೊಳೆಯದೆ ಹೋಗಬಹುದು. ಇದಕ್ಕೆ ಅಂತಲೇ ಔಷಧಿ ಇಲ್ಲ. ಬೇಗ ಗೊತ್ತಾದರೆ ಆರೈಕೆ ಸರಿಯಾಗುತ್ತೆ, ಅಷ್ಟೆ.

ಕರಾವಳಿ, ಮಲೆನಾಡಿನ ಗದ್ದೆ ಕೆಲಸದವರಿಗೆ ಇಲಿ ಜ್ವರ. ಇಲಿಯ ಮೂತ್ರ ಸೇರಿದ ಕೆಸರು ನೀರಲ್ಲಿ ಗಾಯದ ಕಾಲಿಟ್ಟರೆ ಸಾಕು. ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಜೀವ ಹೋಗುವಷ್ಟು ನೋವು, ಆಮೇಲೆ ಕಣ್ಣು ಹಳದಿ. ಗೊತ್ತಿರುವ ಡಾಕ್ಟರು ಮೀನಖಂಡ ಒತ್ತಿ ನೋಡಿಯೇ ನೋಡ್ತಾರೆ. ಮಂಗಳೂರಲ್ಲಿ ಮೊದಲಿನಷ್ಟು ಮಲೇರಿಯಾ ಇಲ್ಲ, ಆದರೂ ಅಲ್ಲಿ ಚಳಿಜ್ವರ ಅಂದರೆ ಮೊದಲು ಮಲೇರಿಯಾ ಟೆಸ್ಟೇ. ಸರ್ಕಾರಿ ಆಸ್ಪತ್ರೆಯಲ್ಲಿ ಟೆಸ್ಟೂ ಔಷಧಿಯೂ ಉಚಿತ. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ 14 ದಿನದ್ದು. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಿದರೆ ತಿಂಗಳುಗಳ ನಂತರ ಮತ್ತೆ ಮರುಕಳಿಸಬಹುದು.

ಇದೇ ಕಾರಣಕ್ಕೆ ಊರಿಗೆ ಹೋಗಿ ಬಂದಿದ್ದನ್ನು ಹೇಳಲೇಬೇಕು. ಬೆಂಗಳೂರಲ್ಲಿ ಜ್ವರ ಬಂದರೆ "ಹೋದ ವಾರ ಸಾಗರದ ಹತ್ತಿರ ಮದುವೆಗೆ ಹೋಗಿದ್ದೆ, ತೋಟದಲ್ಲಿ ಓಡಾಡಿದ್ದೆ" ಅನ್ನಿ. ದುಬೈಯಲ್ಲೋ ಲಂಡನ್ನಲ್ಲೋ ಇರುವ ನಮ್ಮವರು ರಜೆ ಮುಗಿಸಿ ವಾಪಸ್ ಹೋದ ಮೇಲೆ ಜ್ವರ ಬಂದರೆ, ಅಲ್ಲಿನ ಡಾಕ್ಟರಿಗೆ ಕೂತ ತಕ್ಷಣ "ಇಂಡಿಯಾದಿಂದ ಇಂಥಾ ದಿನ ಬಂದೆ" ಅಂತ ಹೇಳಿ. ಅವರು ಅದನ್ನು ಫ್ಲೂ ಅಂದುಕೊಂಡು ಮನೆಗೆ ಕಳಿಸಿಬಿಡಬಹುದು. ಟೈಫಾಯ್ಡ್ ಒಂದೆರಡು ವಾರ ಕಳೆದು ತಲೆ ಎತ್ತುತ್ತೆ, ಮಲೇರಿಯಾ ಇನ್ನೂ ತಡವಾಗಿಯೂ ಬರಬಹುದು.

ಒಳಗೆ ಕೂತಾಗ ಏನು ನೋಡಬೇಕು

ಒಳ್ಳೆಯ ಡಾಕ್ಟರು ಅನ್ನೋದು ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಯಾವತ್ತಿಂದ, ಎಲ್ಲಿಗೆ ಹೋಗಿದ್ದಿರಿ, ಏನು ಕೆಲಸ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ, ಮೂತ್ರ ಸರಿಯಾಗಿ ಆಗ್ತಿದೆಯಾ ಅಂತ ಕೇಳ್ತಾರೆ. ಗಂಟಲು ನೋಡ್ತಾರೆ, ಎದೆಗೆ ಸ್ಟೆತಸ್ಕೋಪ್ ಇಡ್ತಾರೆ, ಹೊಟ್ಟೆ ಒತ್ತುತ್ತಾರೆ, ಬಿಪಿ ನೋಡ್ತಾರೆ, ಚರ್ಮದ ಮೇಲೆ ಏನಾದರೂ ಎದ್ದಿದೆಯಾ ಅಂತ ಹುಡುಕ್ತಾರೆ. ಕೊನೆಗೆ "ಏನೇನಾದರೆ ತಕ್ಷಣ ಬನ್ನಿ, ಏನೂ ಆಗದಿದ್ದರೂ ಇಂಥಾ ದಿನ ಬನ್ನಿ" ಅಂತಾರೆ. ಈ ಕೊನೆಯ ಮಾತು ಹೇಳದಿದ್ದರೆ ನೀವೇ ಕೇಳಿ. "ಗೊತ್ತಾಗ್ತಾ ಇಲ್ಲ, ಎರಡು ದಿನ ನೋಡೋಣ" ಅಂದರೆ ಬೇಜಾರಾಗಬೇಡಿ. ಮೊದಲ ಎರಡು ದಿನ ಎಷ್ಟೋ ಜ್ವರಗಳು ಒಂದೇ ಥರ ಕಾಣುತ್ತವೆ.

ನಮ್ಮ ಜನಕ್ಕೆ ಇಂಜೆಕ್ಷನ್ ಅಂದರೆ ಒಂಥರಾ ಪ್ರೀತಿ. ಸೂಜಿ ಚುಚ್ಚದಿದ್ದರೆ ಕೊಟ್ಟ ದುಡ್ಡು ದಂಡ ಅನ್ನುವ ಭಾವನೆ. ಡಾಕ್ಟರುಗಳೂ ಅದಕ್ಕೆ ಒಗ್ಗಿಹೋಗಿದ್ದಾರೆ. ಜ್ವರಕ್ಕೆ ಚುಚ್ಚುವ ಸೂಜಿಯಲ್ಲಿ ಎಷ್ಟೋ ಸಲ ಇರೋದು ನೋವು ಇಳಿಸುವ ಡೈಕ್ಲೊಫೆನಾಕ್, ಅಥವಾ ಸ್ಟೆರಾಯ್ಡ್. ಸಂಜೆಗೆ ಹಗುರ ಅನ್ನಿಸುತ್ತೆ, ಒಳಗೆ ಕಾಯಿಲೆ ಹಾಗೇ ಇರುತ್ತೆ. "ಡಾಕ್ಟ್ರೇ, ಮಾತ್ರೆ ನುಂಗೋಕೆ ಆಗುತ್ತೆ, ಇಂಜೆಕ್ಷನ್ ಬೇಕೇ ಬೇಕಾ?" ಅಂತ ಮರ್ಯಾದೆಯಿಂದ ಕೇಳಬಹುದು, ಅದರಲ್ಲಿ ತಪ್ಪಿಲ್ಲ. ಮೊದಲ ದಿನವೇ ಆಂಟಿಬಯಾಟಿಕ್ ಬರೆದರೆ "ಇದು ಯಾವುದಕ್ಕೆ?" ಅಂತಲೂ ಕೇಳಿ. ವೈರಸ್ ಜ್ವರಕ್ಕೆ ಅದು ಕೆಲಸ ಮಾಡಲ್ಲ.

ಟೆಸ್ಟುಗಳ ಲೆಕ್ಕ ಸ್ವಲ್ಪ ಗೊತ್ತಿದ್ದರೆ ಅನುಕೂಲ. ಡೆಂಗೀಗೆ ಮೊದಲ ಐದು ದಿನದಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್‌1, ಅಲ್ಲಿಂದಾಚೆಗೆ ಮೈ ಹುಟ್ಟಿಸಿಕೊಂಡ ಪ್ರತಿಕಾಯ ಹುಡುಕುವ ಐಜಿಎಂ. ಆರನೇ ದಿನ ಎನ್‌ಎಸ್‌1 ಒಂದನ್ನೇ ಮಾಡಿ ಇಲ್ಲ ಅಂದರೆ ಡೆಂಗೀ ಇಲ್ಲ ಅಂತ ಅಲ್ಲ. 2024ರಲ್ಲಿ ಡೆಂಗೀ ಜೋರಾದಾಗ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಎನ್‌ಎಸ್‌1 ಎಲೈಸಾಕ್ಕೆ (ಲ್ಯಾಬಿನಲ್ಲಿ ಮಾಡುವ ಒಂದು ಪರೀಕ್ಷಾ ವಿಧಾನ) 300 ರೂಪಾಯಿ, ಐಜಿಎಂ ಎಲೈಸಾಕ್ಕೆ 300 ರೂಪಾಯಿ ಅಂತ ಮಿತಿ ಹಾಕಿತ್ತು. ಬಿಲ್ಲು ಅದಕ್ಕಿಂತ ಬಹಳ ಮೇಲೆ ಹೋದರೆ ಕೇಳಿ. ವಿಡಾಲ್ ಟೆಸ್ಟಿನ ಮೇಲೆ ನನಗೆ ಸ್ವಂತ ಸಿಟ್ಟಿದೆ, ಅಮ್ಮನ ಕಥೆ ಓದಿದಿರಲ್ಲ. ಹಿಂದೆ ಯಾವತ್ತೋ ಬಂದು ಹೋದ ಸೋಂಕಿಗೂ ಅದು ಪಾಸಿಟಿವ್ ತೋರಿಸಬಹುದು. ಟೈಫಾಯ್ಡ್ ಅನುಮಾನ ಗಟ್ಟಿಯಾಗಿದ್ದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಟೆಸ್ಟ್) ಮಾಡಿಸಬಹುದಾ ಅಂತ ಕೇಳಿ.

ಸರ್ಕಾರಿ ಆಸ್ಪತ್ರೆಯನ್ನು ಮರೀಬೇಡಿ

ನಗರಗಳಲ್ಲಿ 2022ರ ಡಿಸೆಂಬರಿಂದ ಸರ್ಕಾರದ "ನಮ್ಮ ಕ್ಲಿನಿಕ್"ಗಳು ಶುರುವಾಗಿವೆ. ಎಂಬಿಬಿಎಸ್ ಡಾಕ್ಟರು ಇರ್ತಾರೆ, ದುಡ್ಡಿಲ್ಲ, ಸಾಮಾನ್ಯ ಜ್ವರಕ್ಕೆ ಸಾಕು. ರಾತ್ರಿ ಮಾತ್ರ ಇರಲ್ಲ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯನ್ನು ಕೇಳಿ. ಆ ವಾರ ಊರಲ್ಲಿ ಯಾವ ಜ್ವರ ಓಡಾಡ್ತಿದೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲ್ಲ. ಎಲ್ಲಿಗೆ ಹೋಗೋದು ಅಂತಲೇ ತಿಳಿಯದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಬಹುದು. ಮನೆಯಿಂದಲೇ ಮಾತಾಡಲು ಇ-ಸಂಜೀವಿನಿ ಇದೆ. ಆದರೆ ಫೋನಿನಲ್ಲಿ ಹೊಟ್ಟೆ ಒತ್ತಿ ನೋಡೋಕಾಗಲ್ಲ, ಸೊಂಟದ ಕಪ್ಪು ಕಲೆಯೂ ಕಾಣಲ್ಲ. ಮೊದಲ ಎರಡು ದಿನಕ್ಕೆ ಸರಿ, ಆಮೇಲೆ ಎದುರಿಗೇ ಹೋಗಿ.

ಜ್ವರ ಬಿಟ್ಟ ಮೇಲೆ

ಎಲ್ಲರೂ ಎಡವೋದು ಇಲ್ಲೇ. ಡೆಂಗೀಯಲ್ಲಿ ಅಪಾಯ ಶುರುವಾಗೋದು ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ. ಮನೆಯವರು ಅಬ್ಬಾ ಬಿಟ್ಟಿತು ಅಂತ ಆಫೀಸಿಗೆ ಹೋಗಿರ್ತಾರೆ. ಆಗಲೇ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗಾಗೋದು, ವಿಪರೀತ ಸುಸ್ತು ಶುರುವಾಗೋದು. ಇನ್ನೂ ಎರಡು ದಿನ ಒಬ್ಬರು ಜೊತೆಗಿರಿ. ಡಾಕ್ಟರು ಹೇಳಿದ ದಿನ ರಕ್ತ ಪರೀಕ್ಷೆ ಮತ್ತೆ ಮಾಡಿಸಿ, ಅದೇ ಡಾಕ್ಟರಿಗೆ ತೋರಿಸಿ. ಹೊಸಬರ ಹತ್ತಿರ ಹೋದರೆ ಮೊದಲ ದಿನದಿಂದ ಕಥೆ ಶುರುವಾಗುತ್ತೆ.

ಪ್ಲೇಟ್‌ಲೆಟ್ ಲಕ್ಷಕ್ಕಿಂತ ಇಳಿದ ಕೂಡಲೇ ಮನೆಮಂದಿಯೆಲ್ಲ ಪಪ್ಪಾಯಿ ಎಲೆ ಹುಡುಕಿಕೊಂಡು ಓಡ್ತಾರೆ. ಆ ರಸ ಕುಡಿದು ವಾಂತಿಯಾದರೆ, ಕಾಯಿಲೆಯಿಂದ ಬಂದ ವಾಂತಿಯೋ ಎಲೆಯಿಂದ ಬಂದಿದ್ದೋ ಅಂತ ಡಾಕ್ಟರಿಗೇ ಗೊಂದಲ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಹೋಗುವ ತನಕ ಪ್ಲೇಟ್‌ಲೆಟ್ ಹಾಕುವ ಅಗತ್ಯ ಬರಲ್ಲ. ಆ ನಂಬರಿಗಿಂತ ಬಿಪಿ, ಮೂತ್ರ, ಹೊಟ್ಟೆನೋವು, ಹೆಮಟೋಕ್ರಿಟ್ (ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನುವ ಲೆಕ್ಕ) ನೋಡುವ ಡಾಕ್ಟರು ಸಿಕ್ಕರೆ ನಿಶ್ಚಿಂತೆಯಿಂದ ಇರಿ.

ಇಷ್ಟೆಲ್ಲ ಮಾಡಿಯೂ ವಾರ ಕಳೆದು ಜ್ವರ ಹಾಗೇ ಇದ್ದರೆ ಫಿಸಿಶಿಯನ್, ಎರಡು ವಾರ ದಾಟಿದರೆ ಮೆಡಿಕಲ್ ಕಾಲೇಜು ಆಸ್ಪತ್ರೆ. ಟಿಬಿಯಿಂದ ಹಿಡಿದು ಏನೇನೋ ಹುಡುಕಬೇಕಾಗುತ್ತೆ, ಎಲ್ಲಾ ವಿಭಾಗವೂ ಒಂದೇ ಕಡೆ ಸಿಗುತ್ತೆ. ದೊಡ್ಡ ಊರುಗಳಲ್ಲಿ ಸೋಂಕು ರೋಗಗಳದ್ದೇ ಸ್ಪೆಷಲಿಸ್ಟುಗಳು ಈಗ ಇದ್ದಾರೆ, ಅವರು ಬೇಕಾಗೋದು ಈ ಹಂತದಲ್ಲಿ. ಆವರೆಗಿನ ಎಲ್ಲ ಚೀಟಿ, ರಿಪೋರ್ಟು, ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪು ಒಂದು ಕವರಿಗೆ ಹಾಕಿ ತಗೊಂಡು ಹೋಗಿ.

ಜ್ವರ ಇಲ್ಲದ ದಿನ ಮಾಡುವ ಕೆಲಸ

ನಡುಗ್ತಾ ಇರುವಾಗ ಡಾಕ್ಟರನ್ನು ಹುಡುಕೋಕಾಗಲ್ಲ. ಹುಷಾರಾಗಿರುವ ಒಂದು ದಿನ ಬಿಪಿ ನೋಡಿಸಿಕೊಳ್ಳುವ ನೆಪದಲ್ಲಿ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಬನ್ನಿ. ಮಾತಾಡಿಸುವ ರೀತಿ ಹಿಡಿಸುತ್ತಾ ನೋಡಿ. ಭಾನುವಾರ ಇರ್ತಾರಾ, ಫೋನ್ ಎತ್ತುತ್ತಾರಾ, ಅಡ್ಮಿಟ್ ಮಾಡಬೇಕಾದರೆ ಎಲ್ಲಿಗೆ ಕಳಿಸ್ತಾರೆ ಅಂತ ಕೇಳಿ. ಮೆಡಿಕಲ್ ಶಾಪಿನವರನ್ನು, ಮಗುವಿನ ಸ್ಕೂಲಿನ ಹತ್ತಿರ ಸಿಗುವ ಬೇರೆ ಅಮ್ಮಂದಿರನ್ನು ಕೇಳಿ. "ಒಳ್ಳೆ ಡಾಕ್ಟ್ರು ಯಾರು?" ಅಂತಲ್ಲ, "ನಿಮ್ಮ ಮಗೂಗೆ ಜ್ವರ ಬಂದಾಗ ಎಲ್ಲಿಗೆ ಹೋಗ್ತೀರಾ?" ಅಂತ.

ನಮ್ಮ ಅಮ್ಮನ ಫೋನಿನಲ್ಲಿ ಈಗ ಆ ಸಣ್ಣ ಕ್ಲಿನಿಕ್ಕಿನ ನಂಬರಿದೆ. "ಹುಲ್ಲು ಡಾಕ್ಟ್ರು" ಅಂತ ಸೇವ್ ಮಾಡಿಕೊಂಡಿದ್ದಾಳೆ.